ನಾಲ್ಕು ಕಮಾನುಗಳಿಗೆ ಹತ್ತು ರಾಕ್ ಹಾಡುಗಳು

ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ ಮತ್ತು ಮಂಡಿಗಳ ನಡುವೆ ಹಿಡಿದು ನುಡಿಸುವ ಒಂದು ಚೆಲ್ಲೋ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್‌ಗಾಗಿ ಹತ್ತು ರಾಕ್ ಹಾಡುಗಳನ್ನು ಅಳವಡಿಸಿದ ಸ್ವರಲಿಪಿಯ ಸಂಪುಟವೊಂದನ್ನು ನಾವು ನಾಲ್ವರು ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಕೊಂಡೆವು. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಅದನ್ನು ನುಡಿಸುತ್ತ ಬಂದಿದ್ದೇವೆ. ಹತ್ತರಲ್ಲಿ ಐದು ಹಾಡುಗಳು ಬರೆದಂತೆಯೇ ನುಡಿಸಲು ಯೋಗ್ಯವಾಗಿವೆ, ಎರಡನ್ನು ತಿದ್ದಿಕೊಂಡು ನುಡಿಸುತ್ತಿದ್ದೇವೆ, ಮೂರನ್ನು ಕೈಬಿಟ್ಟಿದ್ದೇವೆ. ಪ್ರಕಾಶಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಸಂಪುಟಗಳು ಅಂತರ್ಜಾಲದಲ್ಲಿ ಹಲವು ಸಿಗುತ್ತವೆ, ಮತ್ತು ನಾನು ಹೇಳಲಿರುವ ಗುಣದೋಷಗಳನ್ನು ಓದುಗರು ಯಾವ ಸಂಪುಟವನ್ನು ಕೊಳ್ಳುವಾಗಲೂ ತಾವೇ ಪರೀಕ್ಷಿಸಿ ನೋಡಬಹುದು. ಒಂದು ಮಾತನ್ನು ಮಾತ್ರ ಆರಂಭದಲ್ಲೇ ಹೇಳಿಬಿಡುತ್ತೇನೆ: ರಾಕ್ ಹಾಡಿನ ಜೀವ ಅದರ ರಾಗಕ್ಕಿಂತ ಹೆಚ್ಚಾಗಿ ಅದರ ಲಯದಲ್ಲಿದೆ ಎಂಬುದನ್ನು ಅರಿತು ಬರೆದ ಅಳವಡಿಕೆಗಳೆಲ್ಲ ನಿಂತವು, ಅರಿಯದೆ ಬರೆದವು ನಿಲ್ಲಲಿಲ್ಲ.

ನಮ್ಮಲ್ಲಿ ಯಾರೂ ವೃತ್ತಿ ಕಲಾವಿದರಲ್ಲ. ಮೊದಲ ಪಿಟೀಲು ನುಡಿಸುವವರು ಬ್ಯಾಂಕಿನ ಉದ್ಯೋಗಿ. ಬಾಲ್ಯದಿಂದಲೇ ಇಗರ್ಜಿಯ ಗಾಯನವೃಂದದಲ್ಲಿ ಪಾಶ್ಚಾತ್ಯ ಸ್ವರಲಿಪಿ ನೋಡಿ ನುಡಿಸಿದ ಕೊಂಕಣಿ ಮನೆಯ ಹೆಣ್ಣುಮಗಳು. ಎರಡನೆಯ ಪಿಟೀಲು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗನದು. ಈ ಹಾಡುಗಳನ್ನು ಮೊದಲೇ ಬಲ್ಲವನು ನಮ್ಮಲ್ಲಿ ಅವನೊಬ್ಬನೇ. ಚೆಲ್ಲೋ ನುಡಿಸುವವರು ನಿವೃತ್ತ ಶಾಲಾ ಮಾಷ್ಟ್ರು. ಯಕ್ಷಗಾನದ ಮದ್ದಳೆಯಲ್ಲಿ ಕೈ ಪಳಗಿಸಿಕೊಂಡು, ಐವತ್ತು ದಾಟಿದ ಮೇಲೆ ಬೆಂಗಳೂರಿನಿಂದ ಹಳೆಯ ಚೆಲ್ಲೋ ಒಂದನ್ನು ತರಿಸಿ ಕಲಿತವರು. ನಾನು ಚಿಕ್ಕಂದಿನಲ್ಲಿ ಹತ್ತು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು, ವಾದ್ಯದ ತಲೆಯನ್ನು ಕಾಲಿನ ಹರಡಿನ ಮೇಲಿಟ್ಟು ನುಡಿಸುವ ಅಭ್ಯಾಸ ಮಾಡಿಕೊಂಡವಳು. ಅದನ್ನು ಬಿಟ್ಟು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ವಿಯೋಲಾವನ್ನು ಗಲ್ಲದಡಿ ಹಿಡಿಯಲು ಒಂದೂವರೆ ವರ್ಷ ಬೇಕಾಯಿತು.

ಸಂಪುಟ ಬರುವುದು ಕಡತಗಳ ರೂಪದಲ್ಲಿ. ನಾಲ್ಕೂ ಸಾಲುಗಳನ್ನು ಒಟ್ಟಿಗೆ ತೋರಿಸುವ ಪೂರ್ಣ ಪ್ರತಿಯೊಂದು, ವಾದ್ಯಕ್ಕೊಂದರಂತೆ ನಾಲ್ಕು ಬಿಡಿ ಪ್ರತಿಗಳು, ಮತ್ತು ವಿಯೋಲಾ ಇಲ್ಲದ ಮೇಳಗಳಿಗಾಗಿ ಅದೇ ಸಾಲನ್ನು ಪಿಟೀಲಿಗೆ ಬರೆದ ಐದನೆಯ ಪ್ರತಿ. ಈ ಐದನೆಯ ಪ್ರತಿ ನಮ್ಮ ಊರುಗಳಂಥ ಕಡೆ ಬಹಳ ಉಪಯುಕ್ತ, ಏಕೆಂದರೆ ವಿಯೋಲಾ ನುಡಿಸುವವರು ಇಲ್ಲಿ ಸಿಗುವುದು ಕಷ್ಟ. ಆದರೆ ಪಿಟೀಲಿಗೆ ವಿಯೋಲಾದ ಅತ್ಯಂತ ಕೆಳಗಿನ ತಂತಿ ಇಲ್ಲದಿರುವುದರಿಂದ ಆ ಸ್ವರಗಳನ್ನೆಲ್ಲ ಒಂದು ಸ್ಥಾಯಿ ಮೇಲಕ್ಕೆ ಎತ್ತಬೇಕಾಗುತ್ತದೆ. ರಾಕ್‌ನಲ್ಲಿ ಆ ಕೆಳಗಿನ ತುಂಬು ನಾದವೇ ಮುಖ್ಯ, ಅದು ಹೋದರೆ ಚೆಲ್ಲೋ ಒಂಟಿಯಾಗುತ್ತದೆ. ಮುದ್ರಣ ಸ್ವಚ್ಛವಾಗಿದೆ, ಕಮಾನು ಎಳೆಯುವ ದಿಕ್ಕಿನ ಗುರುತುಗಳು ಸಾಕಷ್ಟಿವೆ. ಪುಟ ಮಗುಚುವ ಜಾಗಗಳನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಎರಡು ಹಾಡುಗಳಲ್ಲಿ ಚೆಲ್ಲೋದ ಪುಟ ಮುಗಿಯುವುದು ಒಂದು ಕ್ಷಣವೂ ಕೈ ಬಿಡಲಾಗದ ಜಾಗದಲ್ಲಿ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪುಟಗಳನ್ನು ಕುಗ್ಗಿಸಿ, ಮೂರು ಪುಟ ಅಕ್ಕಪಕ್ಕ ಬರುವಂತೆ ಅಂಟಿಸಿಕೊಂಡು ಆ ತೊಂದರೆಯನ್ನು ನೀಗಿಸಿಕೊಂಡೆವು.

ಈಗ ಹಾಡುಗಳಿಗೆ ಬರುತ್ತೇನೆ. ಡೀಪ್ ಪರ್ಪಲ್ ತಂಡದ 1972ರ 'ಸ್ಮೋಕ್ ಆನ್ ದ ವಾಟರ್' ಹಾಡಿನ ಆರಂಭದ ಗಿಟಾರ್ ತುಣುಕು, ರಾಕ್ ಕೇಳದವರ ಕಿವಿಗೂ ಎಲ್ಲಿಂದಲೋ ಬಿದ್ದಿರುವಂಥದ್ದು. ಹೀಗೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಚಿಕ್ಕ ವಾಕ್ಯವನ್ನು ರಾಕ್‌ನಲ್ಲಿ ರಿಫ್ ಎನ್ನುತ್ತಾರೆ. ಈ ರಿಫ್‌ನಲ್ಲಿ ಎರಡೆರಡು ಸ್ವರಗಳು ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು ಅಂತರವನ್ನು ಕಾಯ್ದುಕೊಂಡು ಜೊತೆಯಾಗಿ ಚಲಿಸುತ್ತವೆ. ಗಿಟಾರಿನಲ್ಲಿ ಇದು ಸುಲಭ. ಅದರ ಆರು ತಂತಿಗಳನ್ನು ಒಂದು ಜೋಡಿಯನ್ನು ಬಿಟ್ಟು ಉಳಿದೆಲ್ಲ ಕಡೆ ಇದೇ ಮಧ್ಯಮದ ಅಂತರದಲ್ಲಿ ಶ್ರುತಿ ಮಾಡಿರುತ್ತಾರೆ, ಹಾಗಾಗಿ ಅಕ್ಕಪಕ್ಕದ ಎರಡು ತಂತಿಗಳ ಮೇಲೆ ಒಂದೇ ಬೆರಳನ್ನು ಅಡ್ಡ ಒತ್ತಿ ಜಾರಿಸಿದರೆ ಸಾಕು. ಪಿಟೀಲಿನ ತಂತಿಗಳ ನಡುವೆ ಇರುವುದು ಪಂಚಮದ ಅಂತರ. ಒಂದೇ ಬೆರಳನ್ನು ಅಡ್ಡ ಒತ್ತಿದರೆ ಬರುವುದು ಷಡ್ಜ ಪಂಚಮ. ಷಡ್ಜ ಮಧ್ಯಮ ಬೇಕಾದರೆ ಎರಡು ಬೇರೆ ಬೆರಳುಗಳನ್ನು ಇಕ್ಕಟ್ಟಾಗಿ ಜೋಡಿಸಿ, ಪ್ರತಿ ಹೆಜ್ಜೆಗೂ ಎರಡನ್ನೂ ಒಟ್ಟಿಗೆ ಸರಿಸಬೇಕು. ಅಳವಡಿಸಿದವರು ಗಿಟಾರಿನಲ್ಲಿ ಇದ್ದುದನ್ನು ಇದ್ದಂತೆಯೇ ಮೊದಲ ಪಿಟೀಲಿನ ಎರಡು ತಂತಿಗಳಿಗೆ ಬರೆದುಬಿಟ್ಟಿದ್ದಾರೆ. ನಮ್ಮ ಮೊದಲ ಪಿಟೀಲಿನವರು ಮೂರು ವಾರ ಶ್ರದ್ಧೆಯಿಂದ ಅಭ್ಯಾಸ ಮಾಡಿದರೂ ಎರಡು ಸ್ವರಗಳಲ್ಲಿ ಒಂದು ಸದಾ ಶ್ರುತಿ ತಪ್ಪುತ್ತಿತ್ತು. ಅದು ಅವರ ತಪ್ಪಲ್ಲ, ಹವ್ಯಾಸಿಗಳಿಗೆಂದು ಮಾರುವ ಪುಸ್ತಕದಲ್ಲಿ ಬರೆಯಬೇಕಾದ ಸಾಲೂ ಅದಲ್ಲ. ಕೊನೆಗೆ ಮೇಲಿನ ಸ್ವರವನ್ನು ಎರಡನೆಯ ಪಿಟೀಲಿಗೂ ಕೆಳಗಿನದನ್ನು ನನ್ನ ವಿಯೋಲಾಕ್ಕೂ ಹಂಚಿಕೊಂಡೆವು. ಒಬ್ಬೊಬ್ಬರಿಗೆ ಒಂದೇ ಸ್ವರ ಬಂದ ಕೂಡಲೇ ಆ ರಿಫ್ ಗಟ್ಟಿಯಾಗಿ, ನೆಲಕ್ಕೆ ಊರಿ ನಿಂತಂತೆ ಕೇಳಿಸತೊಡಗಿತು.

ಇದಕ್ಕೆ ವಿರುದ್ಧವಾಗಿ, ಪಂಚಮದ ಅಂತರವಿರುವಲ್ಲೆಲ್ಲ ನಮ್ಮ ವಾದ್ಯಗಳು ಗಿಟಾರಿಗೆ ಏನೂ ಕಡಮೆಯಿಲ್ಲ. ರಾಕ್ ಗಿಟಾರಿಗರು ಪವರ್ ಕಾರ್ಡ್ ಎಂದು ಕರೆಯುವುದು ಬರಿಯ ಷಡ್ಜ ಪಂಚಮಗಳನ್ನು, ಅದರಲ್ಲಿ ಗಾಂಧಾರ ಇರುವುದಿಲ್ಲ. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿ ನಾದವನ್ನು ಒಡೆದಾಗ ಮೂಲದಲ್ಲಿಲ್ಲದ ಎಷ್ಟೋ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಆಗ ಗಾಂಧಾರವೂ ಸೇರಿದರೆ ಎಲ್ಲವೂ ಕಲಸಿಹೋಗುವುದರಿಂದ ಅದನ್ನು ಬಿಟ್ಟು ನುಡಿಸುವುದು ಅವರಿಗೆ ಅನುಕೂಲವಾಯಿತು. ತಂಬೂರಿಯ ಶ್ರುತಿ ಕೇಳಿ ಬೆಳೆದ ನನಗೆ ಇದು ಹೊಸದೆನಿಸಲೇ ಇಲ್ಲ. ಪಕ್ಕದ ಎರಡು ತೆರೆದ, ಎಂದರೆ ಬೆರಳೊತ್ತದ, ತಂತಿಗಳ ಮೇಲೆ ಕಮಾನನ್ನು ಭಾರ ಕೊಟ್ಟು ಎಳೆದರೆ ಪವರ್ ಕಾರ್ಡ್ ತಾನಾಗಿ ಬರುತ್ತದೆ. ನಾದ ಒಡೆದಂತೆ ಕೇಳಿಸಬೇಕಾದಲ್ಲಿ ಕಮಾನನ್ನು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಂಬ ಮರದ ತುಂಡಿನ ತೀರ ಸಮೀಪಕ್ಕೆ ತಂದು ನುಡಿಸಬೇಕೆಂದು ಸಂಪುಟ ಸೂಚಿಸುತ್ತದೆ. ಹಾಗೆ ಮಾಡಿದಾಗ ಮೂಲಸ್ವರ ಹಿಂದೆ ಸರಿದು ಮೇಲಿನ ಉಪಸ್ವರಗಳು ಮುಂದೆ ಬರುತ್ತವೆ, ನಾದಕ್ಕೆ ಲೋಹದ ಗರಗಸದಂಥ ಒಂದು ಅಂಚು ಬರುತ್ತದೆ. ಈ ಸೂಚನೆಗಳನ್ನು ಎಲ್ಲಿ ಕೊಡಬೇಕು, ಎಷ್ಟು ಹೊತ್ತು ಕೊಡಬೇಕು ಎಂಬ ತೀರ್ಮಾನ ಇಡೀ ಸಂಪುಟದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಅಂಶ.

ಕೈಬಿಟ್ಟ ಮೂರು ಹಾಡುಗಳ ದೋಷ ಒಂದೇ ಬಗೆಯದು. ಅವುಗಳಲ್ಲಿ ಗಾಯಕನ ಸಾಲನ್ನು ಆದಿಯಿಂದ ಅಂತ್ಯದವರೆಗೆ ಮೊದಲ ಪಿಟೀಲಿಗೆ ಕೊಟ್ಟು, ಉಳಿದ ಮೂವರಿಗೆ ಉದ್ದುದ್ದ ಸ್ವರಗಳನ್ನು ಹಿಡಿದು ಕೂರುವ ಕೆಲಸ ಕೊಟ್ಟಿದ್ದಾರೆ. ರಾಕ್ ಗಾಯಕರು ಎಷ್ಟೋ ಕಡೆ ಒಂದೇ ಸ್ವರದಲ್ಲಿ ನಿಂತು ಮಾತಿನ ಬಲದಿಂದ, ಗಂಟಲಿನ ಒರಟಿನಿಂದ, ಅಕ್ಷರಗಳನ್ನು ತಾಳದ ಹಿಂದೆಮುಂದೆ ಎಸೆಯುವ ರೀತಿಯಿಂದ ಹಾಡನ್ನು ಸಾಗಿಸುತ್ತಾರೆ. ಆ ಮಾತುಗಳನ್ನು ತೆಗೆದು ಸ್ವರಗಳನ್ನಷ್ಟೇ ಉಳಿಸಿದರೆ ಒಂದೇ ಸ್ವರ ಎಂಟು ಬಾರಿ, ಪಕ್ಕದ ಸ್ವರ ನಾಲ್ಕು ಬಾರಿ ಎಂಬಂತೆ ಬಡಕಲು ಸಾಲೊಂದು ಉಳಿಯುತ್ತದೆ. ಮೊದಲ ಪಿಟೀಲಿನವರಿಗೆ ಅದರಲ್ಲಿ ಸುಖವಿಲ್ಲ, ಉಳಿದವರಿಗಂತೂ ಕೆಲಸವೇ ಇಲ್ಲ.

ಇದೇ ದೋಷ ಸ್ವಲ್ಪ ಕಡಮೆ ಪ್ರಮಾಣದಲ್ಲಿದ್ದ ಇನ್ನೊಂದು ಹಾಡನ್ನು ಮಾತ್ರ ನಾವು ಉಳಿಸಿಕೊಂಡೆವು, ಮತ್ತು ಉಳಿಸಿಕೊಳ್ಳಲು ನನ್ನ ಹಳೆಯ ಪಾಠ ನೆರವಾಯಿತು ಎಂಬುದು ನನಗೆ ಸಂತೋಷದ ವಿಷಯ. ಕೃತಿಯನ್ನು ಪಿಟೀಲಿನಲ್ಲಿ ನುಡಿಸುವಾಗ ಸಾಹಿತ್ಯದ ಅಕ್ಷರಗಳಿಗೆ ತಕ್ಕಂತೆ ಕಮಾನು ಹಾಕಬೇಕು, ಎಲ್ಲಿ ಪದ ಒಡೆಯುತ್ತದೋ ಅಲ್ಲಿ ಕಮಾನು ತಿರುಗಬೇಕು, ದೀರ್ಘಾಕ್ಷರ ಇರುವಲ್ಲಿ ಎಳೆತ ತುಂಡಾಗಬಾರದು ಎಂದು ನಮ್ಮ ಗುರುಗಳು ಪ್ರತಿ ಪಾಠದಲ್ಲೂ ಹೇಳುತ್ತಿದ್ದರು. ಅದೇ ರೀತಿ ಇಂಗ್ಲಿಷ್ ಸಾಹಿತ್ಯವನ್ನು ಸ್ವರಗಳ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡು, ಒತ್ತಿ ಹೇಳುವ ಅಕ್ಷರಕ್ಕೆ ಕಮಾನಿನ ಬುಡವನ್ನೂ ತೇಲಿಸಿ ಹೇಳುವುದಕ್ಕೆ ತುದಿಯನ್ನೂ ಬಳಸಲು ಮೊದಲ ಪಿಟೀಲಿನವರಿಗೆ ಹೇಳಿದೆ. ಒಂದೇ ಸ್ವರ ಎಂಟು ಬಾರಿ ಬರುವ ಸಾಲು ಆಗ ಎಂಟು ಬೇರೆ ಬೇರೆ ಅಕ್ಷರಗಳಂತೆ ಕೇಳಿಸಿತು. ಸಂಪುಟದಲ್ಲಿ ಸ್ವರಗಳ ಕೆಳಗೆ ಸಾಹಿತ್ಯ ಕೊಟ್ಟಿಲ್ಲ. ಹಾಡು ಗೊತ್ತಿಲ್ಲದ ನಮ್ಮಂಥವರು ಮೂಲ ಧ್ವನಿಮುದ್ರಣವನ್ನು ಹತ್ತಾರು ಬಾರಿ ಕೇಳದೆ ಕಮಾನು ಹಿಡಿಯಬಾರದು ಎಂದು ಇದರಿಂದ ಕಲಿತೆವು.

ಹೊಗಳಬೇಕಾದ ಅಳವಡಿಕೆಗಳಲ್ಲಿ ಮೊದಲನೆಯದು ಲೆಡ್ ಜೆಪೆಲಿನ್ ತಂಡ 1975ರಲ್ಲಿ ಹೊರತಂದ 'ಕಾಶ್ಮೀರ್'. ಎಂಟು ನಿಮಿಷ ಮೀರಿದ ಮೂಲವನ್ನು ಇಲ್ಲಿ ಐದು ನಿಮಿಷಕ್ಕೆ ಇಳಿಸಿದ್ದಾರೆ. ಮೂಲದಲ್ಲೇ ಪಿಟೀಲು ವರ್ಗದ ವಾದ್ಯಗಳಿದ್ದುದರಿಂದ ಅಳವಡಿಕೆ ಅಸಹಜವೆನಿಸುವುದಿಲ್ಲ, ಆದರೆ ಅದರ ಹೆಚ್ಚುಗಾರಿಕೆ ಬೇರೆಡೆ ಇದೆ. ಈ ಹಾಡಿನಲ್ಲಿ ಗಿಟಾರಿನ ವಾಕ್ಯ ಮೂರು ಏಟುಗಳದ್ದು, ಡ್ರಮ್ ಬಾರಿಸುವುದು ನಾಲ್ಕು ಏಟುಗಳ ಲೆಕ್ಕದಲ್ಲಿ. ಇವೆರಡೂ ಒಟ್ಟಿಗೆ ಹೊರಟು, ಬೇರೆ ಬೇರೆ ಜಾಗಗಳಲ್ಲಿ ತಿರುಗಿ, ಹನ್ನೆರಡು ಏಟುಗಳಾದಾಗ ಮತ್ತೆ ಒಂದೆಡೆ ಸೇರುತ್ತವೆ. ಷಡ್ಜವನ್ನು ಬಿಡದೆ ಹಿಡಿದುಕೊಂಡು ಅದರ ಮೇಲೆ ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಕೈಶಿಕಿ ನಿಷಾದ ಎಂದು ಒಂದೊಂದೇ ಮೆಟ್ಟಿಲು ಏರುವ ಆ ವಾಕ್ಯವನ್ನು ಅಳವಡಿಸಿದವರು ಎರಡನೆಯ ಪಿಟೀಲಿಗೂ ವಿಯೋಲಾಕ್ಕೂ ಕೊಟ್ಟು, ನಾಲ್ಕರ ಲೆಕ್ಕವನ್ನು ಚೆಲ್ಲೋದ ಕೈಗೆ ಕೊಟ್ಟಿದ್ದಾರೆ. ಚೆಲ್ಲೋ ಇಲ್ಲಿ ರಾಗವಾದ್ಯವೇ ಅಲ್ಲ. ಅದು ತಂತಿಯನ್ನು ಬೆರಳಿನಿಂದ ಮೀಟುತ್ತ, ನಡುನಡುವೆ ಕಮಾನಿನ ಬುಡದಿಂದ ತಂತಿಯನ್ನು ಕುಟ್ಟುತ್ತ ಡ್ರಮ್ಮಿನ ಕೆಲಸವನ್ನೇ ಮಾಡುತ್ತದೆ.

ಇದನ್ನು ಕಲಿಯಲು ನಮಗೆ ಎರಡು ತಿಂಗಳು ಹಿಡಿಯಿತು. ಸ್ವರಲಿಪಿಯಲ್ಲಿ ಎಲ್ಲವೂ ಗೆರೆ ಎಳೆದು ವಿಂಗಡಿಸಿದ, ನಾಲ್ಕು ಏಟುಗಳ ಮನೆಗಳಲ್ಲೇ ಬರೆದಿರುವುದರಿಂದ ಮೂರರ ವಾಕ್ಯ ಗೆರೆಗಳನ್ನು ದಾಟಿ ಹರಡಿಕೊಂಡು, ಕಣ್ಣಿಗೆ ಕಾಣುವುದೇ ಒಂದು, ಕಿವಿಗೆ ಬೇಕಾದುದೇ ಇನ್ನೊಂದು ಆಗುತ್ತದೆ. ಹುಡುಗ ಪ್ರತಿ ಬಾರಿ ಎರಡನೆಯ ಸುತ್ತಿನಲ್ಲಿ ಚೆಲ್ಲೋದ ಲೆಕ್ಕಕ್ಕೆ ಜಾರಿಬಿಡುತ್ತಿದ್ದ. ಮಾಷ್ಟ್ರು ಒಂದು ಭಾನುವಾರ ಎಲ್ಲರ ವಾದ್ಯವನ್ನೂ ಕೆಳಗಿಡಿಸಿ, ತಾವು ಮಂಡಿಯ ಮೇಲೆ ನಾಲ್ಕು ಹಾಕುತ್ತ ನಮ್ಮಿಂದ ಬಾಯಲ್ಲಿ ಮೂರು ಹೇಳಿಸಿದರು. "ನೀವು ನನ್ನನ್ನು ಕೇಳುವುದು ಬೇಡ, ನನ್ನನ್ನು ಮರೆಯುವುದೂ ಬೇಡ. ನಿಮ್ಮ ಮೂರು ನಾಲ್ಕು ಸಲ ಮುಗಿದಾಗ ನನ್ನ ನಾಲ್ಕು ಮೂರು ಸಲ ಮುಗಿದಿರುತ್ತದೆ, ಅಲ್ಲಿ ಸಿಗೋಣ" ಎಂದರು. ಅರ್ಧ ಗಂಟೆ ಬಾಯಿಪಾಠದ ನಂತರ ವಾದ್ಯ ಎತ್ತಿಕೊಂಡಾಗ ಯಾರೂ ಜಾರಲಿಲ್ಲ. ತಾಳ ಹಾಕಿ ಕಲಿತವರಿಗೆ ಈ ಸಂಗೀತ ಪರಕೀಯವಲ್ಲ ಎಂದು ನನಗೆ ಖಚಿತವಾದದ್ದು ಅಂದು.

ಮೆಟಾಲಿಕಾ ತಂಡದ 1991ರ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಇನ್ನೊಂದು ಒಳ್ಳೆಯ ಕೆಲಸ. ಗಿಟಾರಿನ ತೆರೆದ ತಂತಿಗಳನ್ನು ಒಂದರ ನಂತರ ಒಂದರಂತೆ ಮೀಟುತ್ತ ಆ ಹಾಡು ಆರಂಭವಾಗುತ್ತದೆ. ಆ ಸ್ವರಗಳನ್ನು ಒಬ್ಬರಿಗೇ ಕೊಡದೆ ಚೆಲ್ಲೋಕ್ಕೆ ಒಂದು, ವಿಯೋಲಾಕ್ಕೆ ಒಂದು, ಎರಡನೆಯ ಪಿಟೀಲಿಗೆ ಒಂದು, ಮೊದಲನೆಯದಕ್ಕೆ ಒಂದು ಎಂದು ಹಂಚಿದ್ದಾರೆ. ಒಬ್ಬೊಬ್ಬರ ಪಾಲನ್ನು ಪ್ರತ್ಯೇಕವಾಗಿ ನೋಡಿದರೆ ಅದರಲ್ಲಿ ಏನೂ ಇಲ್ಲ. ನಾಲ್ವರೂ ಒಂದೇ ಉಸಿರಿನಲ್ಲಿ ಮೀಟಿದಾಗ ಮಾತ್ರ ಹಾಡು ಹುಟ್ಟುತ್ತದೆ. ಹೊಸದಾಗಿ ಕೂಡಿದ ಮೇಳಗಳು ಪರಸ್ಪರ ಕಿವಿಗೊಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ, ಸಂಪುಟದಲ್ಲಿ ಮೊದಲು ತೆಗೆಯಬೇಕಾದ ಹಾಡೂ ಇದೇ. ಬೀಟಲ್ಸ್ ತಂಡದ 1966ರ 'ಎಲೀನರ್ ರಿಗ್ಬಿ'ಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೂಲ ಧ್ವನಿಮುದ್ರಣದಲ್ಲೇ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ, ತಂಡದ ಧ್ವನಿಮುದ್ರಣಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದ ಸಾಲುಗಳನ್ನು ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೋಗಳು ನುಡಿಸಿವೆ. ಎಂಟು ಮಂದಿಯ ಭಾರ ನಾಲ್ವರಿಗೆ ಬರುವುದರಿಂದ ಕಮಾನಿನ ಚಿಕ್ಕ ಏಟುಗಳನ್ನು ಇನ್ನಷ್ಟು ಕಚ್ಚಿ ನುಡಿಸಬೇಕಾಗುತ್ತದೆ ಎಂಬುದೊಂದೇ ಎಚ್ಚರಿಕೆ.

ಸಂಪುಟದ ದೊಡ್ಡ ಕೊರತೆಯೆಂದರೆ 'ಚಾಪ್' ಎಂಬ ಏಟಿನ ಬಗ್ಗೆ ಒಂದು ಸಾಲಿನ ವಿವರಣೆಯೂ ಇಲ್ಲದಿರುವುದು. ಕಮಾನಿನ ಬುಡವನ್ನು ತಂತಿಯ ಮೇಲೆ ನೇರವಾಗಿ ಬೀಳಿಸಿ, ಎಳೆಯದೆ ಅಲ್ಲೇ ಕಚ್ಚಿ ನಿಲ್ಲಿಸಿದಾಗ ಸ್ವರವಿಲ್ಲದ, ಒಣಗಿದ 'ಚಕ್' ಎಂಬ ಸದ್ದು ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ರಿಚರ್ಡ್ ಗ್ರೀನ್ ಎಂಬ ಪಿಟೀಲುಗಾರರು ಬ್ಲೂಗ್ರಾಸ್ ಎಂಬ ಅಲ್ಲಿನ ಜಾನಪದ ಮೂಲದ ಸಂಗೀತದಲ್ಲಿ ರೂಪಿಸಿದ ಈ ಏಟು, 1985ರಲ್ಲಿ ಆರಂಭವಾದ ಟರ್ಟಲ್ ಐಲ್ಯಾಂಡ್ ಕ್ವಾರ್ಟೆಟ್‌ನಂಥ ಮೇಳಗಳ ಮೂಲಕ ಕ್ವಾರ್ಟೆಟ್‌ಗಳಿಗೆ ಬಂದು, ಈಗ ಡ್ರಮ್ಮಿಗೆ ಬದಲಾಗಿ ಎಲ್ಲೆಡೆ ಬಳಕೆಯಲ್ಲಿದೆ. ಸಂಪುಟದಲ್ಲಿ ಸ್ವರದ ತಲೆಯ ಜಾಗದಲ್ಲಿ ಗುಣಾಕಾರ ಚಿಹ್ನೆ ಹಾಕಿ ಸುಮ್ಮನಿದ್ದಾರೆ. ಕಲಿಸುವವರು ಹತ್ತಿರದಲ್ಲಿಲ್ಲದ ನಮ್ಮಂಥವರು ಅದನ್ನು ನೋಡಿ ಏನೆಂದು ತಿಳಿಯಬೇಕು? ನಾವು ಮೊದಲು ಬೆರಳಿನಿಂದ ವಾದ್ಯದ ಮೈ ಬಡಿಯಬೇಕೆಂದು ಭಾವಿಸಿ ಒಂದು ತಿಂಗಳು ಹಾಗೆಯೇ ನುಡಿಸಿದೆವು. ಹುಡುಗ ವಿಡಿಯೋ ಹುಡುಕಿ ತೋರಿಸಿದ ಮೇಲೆ ತಪ್ಪು ತಿಳಿಯಿತು.

ಚಾಪ್ ಕಲಿಯುವವರಿಗೆ ನಮ್ಮ ಹವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆಷಾಢದ ಮಳೆಯಲ್ಲಿ ಮರ ಉಬ್ಬಿ ಬಿರಡೆಗಳು ಬಿಗಿಯುತ್ತವೆ, ಕಮಾನಿನ ಕೂದಲು ತೇವಕ್ಕೆ ಉದ್ದವಾಗಿ ಎಷ್ಟು ತಿರುಪು ತಿರುಗಿಸಿದರೂ ಸಡಿಲವಾಗಿಯೇ ಉಳಿಯುತ್ತದೆ. ಸಡಿಲ ಕೂದಲಿನಲ್ಲಿ ಚಾಪ್ ಹೊಡೆದರೆ ಕಮಾನಿನ ಕಡ್ಡಿಯೇ ತಂತಿಗೆ ತಗಲುತ್ತದೆ. ನಾವು ಮಳೆಗಾಲದ ಮೂರು ತಿಂಗಳು ಕಾರ್ಬನ್ ಫೈಬರಿನ ಅಗ್ಗದ ಕಮಾನುಗಳನ್ನು ಬಳಸಿ, ಒಳ್ಳೆಯ ಮರದ ಕಮಾನುಗಳನ್ನು ಪೆಟ್ಟಿಗೆಯಲ್ಲೇ ಇಟ್ಟೆವು. ಕೂದಲು ಮಾತ್ರ ಎರಡರಲ್ಲೂ ಕುದುರೆಯದೇ ಆಗಿರುವುದರಿಂದ ಅಭ್ಯಾಸ ಮುಗಿದ ಕೂಡಲೇ ಸಡಿಲಿಸಿ, ಒಣಬಟ್ಟೆಯಲ್ಲಿ ರೋಸಿನ್ (ಕಮಾನಿನ ಕೂದಲಿಗೆ ಹಚ್ಚುವ ರಾಳ) ಒರೆಸಿ ಇಡುವುದನ್ನು ತಪ್ಪಿಸಲಿಲ್ಲ.

ಇಂಥ ಸಂಗೀತ ಈ ನಾಲ್ಕು ವಾದ್ಯಗಳಿಗೆ ಹೇಳಿಸಿದ್ದೇ ಎಂದು ನಮ್ಮನ್ನು ಕೇಳಿದವರಿದ್ದಾರೆ. 1973ರಲ್ಲಿ ಆರಂಭವಾದ ಕ್ರೋನೋಸ್ ಕ್ವಾರ್ಟೆಟ್ 1986ರಷ್ಟು ಹಿಂದೆಯೇ ರಾಕ್ ಗಿಟಾರಿಗ ಜಿಮಿ ಹೆಂಡ್ರಿಕ್ಸ್‌ರ ಹಾಡೊಂದನ್ನು ಧ್ವನಿಮುದ್ರಿಸಿತ್ತು. ಫಿನ್‌ಲೆಂಡಿನ ಅಪೋಕಲಿಪ್ಟಿಕಾ ತಂಡ 1996ರಲ್ಲಿ ನಾಲ್ಕು ಚೆಲ್ಲೋಗಳಲ್ಲಿ ಮೆಟಾಲಿಕಾದ ಹಾಡುಗಳ ಒಂದಿಡೀ ಆಲ್ಬಂ ತಂದಿತು. ಆದರೆ ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ, ಮೊನ್ನೆಯ ಬೇಸಗೆಯಲ್ಲಿ, ನಮ್ಮ ಸಮೀಪದ ಒಂದು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ನಾಲ್ಕು ಹಾಡು ನುಡಿಸಿದಾಗ. ಕುಳಿತಿದ್ದವರು ಅರುವತ್ತು ಮಂದಿ ಇರಬಹುದು, ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಮನೆಮಾತಿನವರು. ಹಾಡುಗಳನ್ನು ಗುರುತಿಸಿದವರು ಹಿಂದಿನ ಸಾಲಿನ ಐದಾರು ಹುಡುಗರು ಮಾತ್ರ. ಮೈಕ್ ಇಲ್ಲದೆ ನುಡಿಸಿದೆವು. ಹೆಂಚಿನ ಮಾಡಿನ ಆ ಚಿಕ್ಕ ಸಭಾಂಗಣಕ್ಕೆ ನಾಲ್ಕು ವಾದ್ಯಗಳ ನಾದ ಧಾರಾಳವಾಯಿತು. 'ಕಾಶ್ಮೀರ್' ಅರ್ಧ ಸಾಗಿದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತೊಡೆಯ ಮೇಲೆ ಬೆರಳು ಮಡಿಸುತ್ತ ಲೆಕ್ಕ ಹಾಕತೊಡಗಿದುದನ್ನು ನಾನು ನುಡಿಸುತ್ತಲೇ ಕಂಡೆ. ಮುಗಿದ ಮೇಲೆ ಅವರು ನೇರವಾಗಿ ಚೆಲ್ಲೋದ ಬಳಿಗೆ ಬಂದರು.

"ಮಾಷ್ಟ್ರೇ, ನೀವು ಹಾಕಿದ್ದು ಏಕತಾಳ. ಇವರು ಮೂವರು ರೂಪಕದಲ್ಲಿ ಇದ್ದ ಹಾಗಿತ್ತು. ಎಲ್ಲಿ ಸೇರಿದ್ದು?"

"ಹನ್ನೆರಡಕ್ಕೆ ಸೇರಿದ್ದು. ನೀವು ಹಿಡಿದದ್ದು ಸರಿ ಉಂಟು."

"ಹಾಗಾದರೆ ಇನ್ನೊಮ್ಮೆ ನುಡಿಸಿ, ನಾನು ಎಣಿಸಿ ನೋಡುತ್ತೇನೆ" ಎಂದರು ಅವರು. ಸಭೆ ಮುಗಿದು ಕುರ್ಚಿಗಳನ್ನು ಮಡಚುತ್ತಿದ್ದ ಹೊತ್ತಿನಲ್ಲಿ ಅವರಿಗಾಗಿ, ಮತ್ತು ನಿಂತುಹೋದ ಹತ್ತು ಮಂದಿಗಾಗಿ, ಅದನ್ನು ಮತ್ತೆ ನುಡಿಸಿದೆವು.

ಹತ್ತು ಹಾಡುಗಳ ಸಂಪುಟಕ್ಕೆ ನಾವು ಕೊಟ್ಟದ್ದು ಮೂರು ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಬಿಡಿಯಾಗಿಯೂ ಹಾಡುಗಳು ಸಿಗುತ್ತವೆ, ಮತ್ತು ಈಗ ಕೊಳ್ಳುವುದಾದರೆ ನಾನು ಬಿಡಿಯಾಗಿಯೇ ಕೊಳ್ಳುತ್ತಿದ್ದೆ. ಮಾರುವವರು ಪೂರ್ಣ ಪ್ರತಿಯ ಮೊದಲ ಪುಟವನ್ನು ಉಚಿತವಾಗಿ ತೋರಿಸುತ್ತಾರೆ. ಅಲ್ಲಿ ಮೊದಲ ಪಿಟೀಲಿನ ಸಾಲನ್ನು ನೋಡದೆ ನಡುವಿನ ಎರಡು ಸಾಲುಗಳನ್ನು ನೋಡಬೇಕು. ವಿಯೋಲಾದ ಸಾಲಿನಲ್ಲಿ ಬಿಳಿಯ ತಲೆಯ ಉದ್ದ ಸ್ವರಗಳೇ ತುಂಬಿದ್ದರೆ ಅದನ್ನು ಬಿಟ್ಟುಬಿಡಬಹುದು. ಚಿಕ್ಕ ಸ್ವರಗಳು, ವಿರಾಮಗಳು, ಗುಣಾಕಾರ ಚಿಹ್ನೆಗಳು ಒತ್ತೊತ್ತಾಗಿ ಕಂಡರೆ ಡ್ರಮ್ಮನ್ನು ಮರೆಯದವರು ಬರೆದಿದ್ದಾರೆ ಎಂದು ತಿಳಿದು ಕೊಳ್ಳಬಹುದು. ಸ್ವರಲಿಪಿಯನ್ನು ತಡವರಿಸದೆ ಓದಬಲ್ಲ, ಎಡಗೈಯನ್ನು ಮೂರನೆಯ ಸ್ಥಾನದವರೆಗೆ ನಿರ್ಭಯವಾಗಿ ಸರಿಸಬಲ್ಲ ನಾಲ್ವರಿಗೆ ಈ ಸಂಪುಟದ ಐದು ಹಾಡುಗಳು ಒಂದು ವರ್ಷದ ಸಂತೋಷ ಕೊಡುತ್ತವೆ. ಕೈಬಿಟ್ಟ ಮೂರರಲ್ಲಿ ಒಂದನ್ನು ನಮ್ಮ ಹುಡುಗ ಹೊಸದಾಗಿ ಬರೆಯತೊಡಗಿದ್ದಾನೆ. ಗಾಯಕನ ಸಾಲನ್ನು ನಾಲ್ವರಿಗೂ ಸರದಿಯಲ್ಲಿ ಹಂಚಿ, ಮೊದಲ ಹದಿನಾರು ಆವರ್ತಗಳನ್ನು ಕಳೆದ ಭಾನುವಾರ ತಂದಿದ್ದ. ಆರಂಭದ ರಿಫ್ ಈ ಬಾರಿ ವಿಯೋಲಾದಲ್ಲಿದೆ.